ಫುಟ್‌ಬಾಲ್ ಆಟಗಾರನ ಮೊಣಕಾಲು

ಸುಳ್ಯದಿಂದ ಪುತ್ತೂರಿಗೆ ಹೊರಟ ಬಸ್ಸಿನಲ್ಲಿ ಒಬ್ಬ ದಾರಿಗೆ ಅಡ್ಡ ಕಾಲು ಚಾಚಿ ಕೂತಿದ್ದ. ಮಗುವನ್ನು ಎತ್ತಿಕೊಂಡು ಅವನನ್ನು ದಾಟಿ ಕಿಟಕಿಯ ಬದಿಗೆ ಕೂರುವಾಗ, "ಬಸ್ಸು ನಿಮ್ಮ ಅಪ್ಪನದ್ದಾ ಮಾರಾಯ್ರೆ?" ಎಂದೆ.

"ಮಡಚಲಿಕ್ಕೆ ಆಗುದಿಲ್ಲ ಅಕ್ಕ" ಎಂದು ಪ್ಯಾಂಟು ಎತ್ತಿ ತೋರಿಸಿದ. ಮೊಣಕಾಲು ತೆಂಗಿನಕಾಯಿಯಷ್ಟು ಊದಿತ್ತು. ಕಡಬದ ಕಡೆಯವನು, ಕರೆದ ಕ್ಲಬ್ಬಿಗೆಲ್ಲ ಕೂಲಿಗೆ ಫುಟ್‌ಬಾಲ್ ಆಡುವವನಂತೆ. ಅಂದು ಸಂಜೆ ಪುತ್ತೂರಿನಲ್ಲಿ ಆಟ.

"ಈ ಕಾಲಲ್ಲಿ ಎಂತ ಆಡುದು? ಮನೆಯಲ್ಲಿ ಬಿದ್ದುಕೊಳ್ಳಿ."

"ಆಮೇಲೆ ಯಾರೂ ಕರೆಯುದಿಲ್ಲ. ಕ್ಲಬ್ಬಿನವರು ಬಸ್‌ಸ್ಟ್ಯಾಂಡಿನಲ್ಲೇ ನಿಂತು ನಾವು ಇಳಿದು ನಡೆಯುದನ್ನು ನೋಡ್ತಾರೆ. ಕುಂಟಿದರೆ ಅಲ್ಲಿಂದಲೇ ವಾಪಸು." ನನ್ನ ಮಡಿಲಿನ ಮಗುವನ್ನು ನೋಡಿ ಕೇಳಿದ: "ಇಳಿಯುವಾಗ ಮಗುವನ್ನು ನನಗೆ ಕೊಡ್ತೀರಾ? ಮಗು ಎತ್ತಿಕೊಂಡವ ಮೆಲ್ಲ ನಡೆದರೆ ಯಾರಿಗೂ ಸಂಶಯ ಬರುದಿಲ್ಲ."

ಕೊಟ್ಟೆ. ಮಗುವಿನ ತಲೆಗೆ ಕೈ ಆನಿಸಿ ಒಂದೊಂದೇ ಮೆಟ್ಟಿಲು ಇಳಿದ. ಹಣೆ ತುಂಬ ಬೆವರು, ಮುಖದಲ್ಲಿ ನಗು. ಕ್ಲಬ್ಬಿನವನೊಬ್ಬ ಅವನ ಬೆನ್ನು ತಟ್ಟಿ, ನನ್ನತ್ತ ತಿರುಗಿ ಗದರಿದ: "ಸಂಜೆ ಆಡಬೇಕಾದ ಗಂಡನಿಗೆ ಮಗು ಹೊರಿಸುದಾ? ಬುದ್ಧಿ ಬೇಡವಾ ನಿಮಗೆ?"

ಬಾಯಿಗೆ ಬಂದ ಉತ್ತರವನ್ನು ನುಂಗಿ ಮಗುವನ್ನು ತೆಗೆದುಕೊಂಡೆ. ಸ್ವಂತ ಗಂಡನಿಗೋಸ್ಕರವೂ ನಾನು ಅಷ್ಟು ತೆಪ್ಪಗೆ ಬೈಸಿಕೊಂಡದ್ದಿಲ್ಲ.