ಅಣ್ಣನಿಗೆ ಎರಡು ಬುಟ್ಟಿ, ತಂಗಿಗೆ ಒಂದು

ಕಳೆದ ಶನಿವಾರ ಒಬ್ಬಳ ಕೈಯಿಂದ ಪೆನ್ನು ಕಸಿದುಕೊಂಡೆ. ನಮ್ಮ ಅಡುಗೆಮನೆಯಲ್ಲೇ. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು.

ಕಸಿದುಕೊಳ್ಳದಿದ್ದರೆ ಅವಳ ಹಿತ್ತಲು ಹೋಗುತ್ತಿತ್ತು. ಹಿತ್ತಲು ಇರುವುದು ಜಾವಾ ದ್ವೀಪದಲ್ಲಿ. ಪೆನ್ನು ಇದ್ದದ್ದು ನ್ಯೂಜೆರ್ಸಿಯ ಮೆಟುಚೆನ್‌ನಲ್ಲಿ. ಇಷ್ಟು ದೂರ ಕುಳಿತು ಹಿತ್ತಲು ಕಳೆದುಕೊಳ್ಳಬಹುದೇ? ಧಾರಾಳವಾಗಿ. ಒಂದು ಸಹಿ ಸಾಕು.

ಅವಳ ಹೆಸರು ಸುಮಿ. ಇಂಡೊನೇಷ್ಯಾದವಳು, ಐವತ್ತರ ಹತ್ತಿರ. ಪಕ್ಕದ ಮನೆಯ ಬೇಸ್‌ಮೆಂಟಿನಲ್ಲಿ ಗಂಡನ ಜೊತೆ ಬಾಡಿಗೆಗೆ ಇದ್ದಾಳೆ. ಕ್ರ್ಯಾನ್‌ಬರಿಯ ಒಂದು ವೇರ್‌ಹೌಸಿನಲ್ಲಿ ಡಬ್ಬಗಳಿಗೆ ಟೇಪು ಹಚ್ಚುವ ಕೆಲಸ. (ಆ ಜಾಗ ಮೊದಲು ಆಲೂಗಡ್ಡೆ ಹೊಲವಂತೆ. ಕಾರಿನಲ್ಲಿ ಹೋಗುವಾಗ ನೋಡಿದ್ದೇನೆ. ಒಳ್ಳೆಯ ಮಣ್ಣು. ಹಾಳು ಮಾಡಿದ್ದಾರೆ.) ನನ್ನನ್ನು ಅವಳು ‘ಇಬು’ ಅನ್ನುತ್ತಾಳೆ. ಅವರಲ್ಲಿ ಅವ್ವನಿಗೆ ಹಾಗನ್ನುವುದು. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ತೂಕದವು. ಹಾಗಾಗಿ ತೊಂದರೆಯಿಲ್ಲ. ನಾವು ಆಡಿದ್ದನ್ನು ನಮ್ಮ ಧಾರವಾಡದ ಮಾತಿಗೆ ಇಳಿಸಿ ಬರೆಯುತ್ತೇನೆ. ನಿಮಗೂ ಸುಲಭ, ನನಗೂ ಸುಲಭ.

ಬಂದವಳೇ ಮೇಜಿನ ಮೇಲೆ ಒಂದು ಕಾಗದ ಇಟ್ಟಳು. ಊರಿನಿಂದ ಅವಳ ಅಣ್ಣ ಕಳಿಸಿದ್ದು. ಇವಳ ಸಹಿ ಬೇಕು. ಇನ್ನೊಬ್ಬರ ಸಾಕ್ಷಿಯೂ ಬೇಕು.

“ಸಾಕ್ಷಿ ನೀವ ಹಾಕ್ರಿ, ಇಬು.”

“ಏನ ಬರದಾರ ಇದರಾಗ?”

“ಗೊತ್ತಿಲ್ಲ.”

“ನಿನಗ ಓದಾಕ ಬರೂದಿಲ್ಲೇನು?”

“ಬರತೈತಿ. ನಮ್ಮ ಭಾಷಾನ ಐತಿ.”

“ಮತ್ತ?”

“ಅಣ್ಣ ಕಳಿಸಿದ್ದು. ಓದಿ ನೋಡಿದ್ರ ಅವನ ಮ್ಯಾಲೆ ನಂಬಿಗಿ ಇಲ್ಲ ಅಂದಂಗ ಆಗತೈತಿ.”

ಅಣ್ಣ ಇರುವುದು ಸಮುದ್ರದಾಚೆ. ಇವಳು ಇಲ್ಲಿ ಓದಿದರೆ ಅವನಿಗೆ ಕಾಣುತ್ತದೆಯೇ? ಆದರೂ ಓದಿಲ್ಲ. ಪೆನ್ನಿನ ಮುಚ್ಚಳ ತೆಗೆದಳು. ಆಗಲೇ ನಾನು ಕಸಿದುಕೊಂಡದ್ದು.

“ಓದಾಕ ಬರಾಕಿ ನೀನು ಓದಂಗಿಲ್ಲ. ನಿನ್ನ ಭಾಷಾದ ಒಂದಕ್ಷರ ಬರದಾಕಿ ನಾನು ಸಾಕ್ಷಿ ಹಾಕ್ಬೇಕು. ಚಲೋ ಐತಿ. ದೊಡ್ಡ ದನಿಯಿಂದ ಓದು.”

“ನಿಮಗ ತಿಳಿಯಂಗಿಲ್ಲಲ್ಲ?”

“ನನಗ ತಿಳೀಬೇಕಾಗಿಲ್ಲ. ನಿನಗ ತಿಳದ್ರ ಸಾಕು.”

ಒಳಗಿನಿಂದ ಮಗಳು ವಿಜಯಾ ಕೂಗಿದಳು, “ಅವ್ವಾ, ಅದು ಅವರ ಫ್ಯಾಮಿಲಿ ಮ್ಯಾಟರ್. ನೀ ಯಾಕ ನಡುವ ಹೋಗ್ತೀ?” ಅವಳಿಗೆ ಮಾರಿಸ್‌ಟೌನ್‌ನಲ್ಲಿ ಕಂಪ್ಯೂಟರ್ ಕೆಲಸ. ಎರಡು ಸಾವಿರದ ಇಸವಿ ಬಂದ ಕೂಡಲೇ ಕಂಪ್ಯೂಟರುಗಳಿಗೆಲ್ಲ ತಲೆ ಕೆಡುತ್ತದಂತೆ. ಕೆಡದ ಹಾಗೆ ಮಾಡಲು ಶನಿವಾರವೂ ಕೂರುತ್ತಾಳೆ.

“ಸಾಕ್ಷಿ ಕೇಳಿದ ಮ್ಯಾಲೆ ನಾ ನಡುವ ಇದ್ದಂಗ ಆತು. ನೀ ನಿನ್ನ ಮಷೀನು ನೋಡು” ಎಂದೆ.

ಸುಮಿ ಓದಿದಳು. ಮೊದಲು ಶಾಲೆಯ ಹುಡುಗಿಯ ಹಾಗೆ ಗಡಗಡ ಓದಿದಳು. ಅರ್ಧಕ್ಕೆ ದನಿ ಇಳಿಯಿತು. ಆಮೇಲೆ ನಿಂತಿತು. ಬೆರಳು ಒಂದು ಸಾಲಿನ ಮೇಲೆಯೇ ಉಳಿಯಿತು.

ಆ ಸಾಲಿನ ಅರ್ಥ ಅವಳೇ ಹೇಳಿದಳು: ನನ್ನ ಪಾಲು ನನಗೆ ಮುಟ್ಟಿದೆ, ಇನ್ನು ಈ ಹಿತ್ತಲಿನಲ್ಲಿ ನನ್ನದೇನೂ ಇಲ್ಲ.

“ಮುಟ್ಟೇತೇನು?” ಎಂದೆ.

“ಇಲ್ಲ. ಹೆಸರು ಬದಲಿ ಮಾಡಾಕ ಬರೇ ಒಂದು ಕಾಗದ ಅಂದಿದ್ದ.”

ಬರೇ ಒಂದು ಕಾಗದ! ಜಗತ್ತಿನ ಅರ್ಧ ಹೊಲಗಳು ಹೋಗಿರುವುದು ಈ ‘ಬರೇ ಒಂದು ಕಾಗದ’ದಲ್ಲಿಯೇ.

ಅವಳ ಊರಿನ ಕಥೆಯನ್ನು ಸ್ವಲ್ಪ ಕೇಳಿ. ಅಲ್ಲಿ ಮನೆಗಳಿಗೆ ಕಂಪೌಂಡೇ ಇರಲಿಲ್ಲವಂತೆ. ಒಬ್ಬರ ಹಿತ್ತಲೇ ಇನ್ನೊಬ್ಬರ ದಾರಿ. ಹಿಂದಿನ ಓಣಿಯವರು ಗದ್ದೆಗೆ ಹೋಗುವುದು ಇವರ ಬಾವಿಯ ಮಗ್ಗುಲಿನಿಂದ. ಹೋಗುತ್ತ ಒಂದು ಕೊಡ ನೀರು, ಎರಡು ಮಾತು. ಈಗ ರಸ್ತೆ ಅಗಲವಾಗಿದೆ. ಗದ್ದೆಯಲ್ಲಿ ಬಟ್ಟೆ ಹೊಲಿಯುವ ಫ್ಯಾಕ್ಟರಿ ಎದ್ದಿದೆ. ಫ್ಯಾಕ್ಟರಿಯ ಹುಡುಗಿಯರಿಗೆ ಬಾಡಿಗೆ ಕೋಣೆ ಬೇಕು. ಕೋಣೆ ಕಟ್ಟಿದವರೆಲ್ಲ ಗೋಡೆಯನ್ನೂ ಕಟ್ಟಿದರು. ಗೋಡೆಯ ಮೇಲೆ ಒಡೆದ ಬಾಟಲಿ ಚೂರು. ನಿನ್ನೆಯವರೆಗೆ ಹಿತ್ತಲಿನಿಂದ ಬಂದು ಉಪ್ಪು ಕೇಳುತ್ತಿದ್ದವಳು ಇವತ್ತು ಊರು ಸುತ್ತಿ ಬರಬೇಕು. ಊರು ಸುತ್ತಿ ಬಂದು ಯಾರಾದರೂ ಉಪ್ಪು ಕೇಳುತ್ತಾರೆಯೇ?

ಸುಮಿಯ ತಾಯಿ ತೀರಿಕೊಂಡಿದ್ದಾಳೆ. ಸಾವಿರ ದಿನ ತುಂಬಿದಾಗ ಅವರಲ್ಲಿ ನೆರೆಯವರನ್ನೆಲ್ಲ ಕರೆದು ಪ್ರಾರ್ಥನೆ, ಊಟ. ಅಲ್ಲಿಯವರೆಗೆ ಅವರ ಮನೆಯಲ್ಲಿ ಯಾರೂ ಪಾಲಿನ ಮಾತು ಎತ್ತಲಿಲ್ಲ. ಊಟ ಮುಗಿದ ವಾರಕ್ಕೇ ಅಣ್ಣ ಕಾಗದ ಅಂಚೆಗೆ ಹಾಕಿದ. ಅವನಿಗೂ ಕೋಣೆ ಕಟ್ಟಬೇಕಾಗಿದೆ.

“ನಿಮ್ಮ ಕಡೆ ಹೆಣ್ಣಮಕ್ಕಳಿಗೆ ಪಾಲು ಇಲ್ಲೇನು?” ಎಂದು ಕೇಳಿದೆ.

ಇದೆ ಎಂದಳು. ಅವಳ ಊರಿನಲ್ಲಿ ಗಂಡಸು ಹೊರೆ ಹೊರುವುದು ಹೆಗಲ ಮೇಲೆ ಬಿದಿರಿನ ಅಡ್ಡೆ ಇಟ್ಟು. ಈ ತುದಿಗೆ ಒಂದು ಬುಟ್ಟಿ, ಆ ತುದಿಗೆ ಒಂದು. ಹೆಂಗಸು ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಳ್ಳುವುದು ಒಂದೇ ಬುಟ್ಟಿ. ಆಸ್ತಿಯೂ ಹಾಗೆಯೇ. ಅಣ್ಣನಿಗೆ ಎರಡು ಬುಟ್ಟಿ, ತಂಗಿಗೆ ಒಂದು.

ಇದು ಯಾವ ನ್ಯಾಯ ಎಂದು ಕೇಳುತ್ತೀರಾ? ಕೇಳಿ. ಆದರೆ ನಮ್ಮ ತಂಗಿಯರ ಬುಟ್ಟಿಯಲ್ಲಿ ಏನಿರುತ್ತದೆ, ಅದನ್ನೂ ಹೇಳಿ. ಒಂದು ಸೀರೆ, ಒಂದು ಖಣ, ಐದು ಉತ್ತತ್ತಿ.

ಸುಮಿ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ, “ಹೋಗಲಿ ಬಿಡ್ರಿ ಇಬು, ಅಣ್ಣನ ಅಲ್ಲಾ” ಎಂದು ಮತ್ತೆ ಪೆನ್ನಿಗೆ ಕೈ ಚಾಚಿದಳು. ನಾನು ಪೆನ್ನನ್ನು ಚಹಾಪುಡಿ ಡಬ್ಬದಲ್ಲಿ ಹಾಕಿ ಮುಚ್ಚಿದೆ. ನನ್ನ ಕಥೆ ಹೇಳಿದೆ.

ಅಪ್ಪ ಹೋದ ಮೇಲೆ ತಮ್ಮ ನನ್ನನ್ನು ಕಚೇರಿಗೆ ಕರೆದೊಯ್ದ. “ಅಕ್ಕಾ, ಇಲ್ಲೊಂದು ಗುರ್ತು ಹಾಕು” ಎಂದ. ಗುಮಾಸ್ತ ನನ್ನ ಮುಖ ನೋಡಿ ಹೆಬ್ಬೆಟ್ಟಿನ ಮಸಿಡಬ್ಬಿ ಮುಂದೆ ತಳ್ಳಿದ. ನನಗೆ ಸಿಟ್ಟು ಬಂತು. ನಾಲ್ಕನೇ ಇಯತ್ತೆಯವರೆಗೆ ಕಲಿತವಳು ನಾನು! “ಹೆಬ್ಬಟ್ಟಲ್ರೀ, ನನಗ ಸಹಿ ಬರತೈತಿ” ಎಂದೆ. ಹೆಸರು ಪೂರ್ತಿ ಬರೆದೆ. ಒತ್ತು, ದೀರ್ಘ ಒಂದೂ ಬಿಡಲಿಲ್ಲ. ಗುಮಾಸ್ತ “ಅಕ್ಷರ ಚಂದ ಅದಾವು ಬಾಯಾರ” ಎಂದ. ಆ ಹೊಗಳಿಕೆಯನ್ನು ಹೊತ್ತುಕೊಂಡು ಮನೆಗೆ ಬಂದೆ. ಸಂಜೆ ತಮ್ಮ ಇಳಕಲ್ ಸೀರೆ ಉಡಿಸಿದ. ಹಕ್ಕು ಬಿಟ್ಟ ಪತ್ರ ಅದು ಎಂದು ತಿಳಿಯುವಾಗ ಸೀರೆಯ ಸೆರಗು ಮಾಸಿತ್ತು.

ಹೆಬ್ಬೆಟ್ಟು ಒತ್ತುವವಳಾಗಿದ್ದರೆ ಯಾರನ್ನಾದರೂ ಕೇಳುತ್ತಿದ್ದೆ, ಇದರಲ್ಲಿ ಏನಿದೆ ಎಂದು. ಸಹಿ ಬಂದದ್ದೇ ಕೆಟ್ಟದ್ದಾಯಿತು.

ಸುಮಿ ನಗಲಿಲ್ಲ. “ಫೋನ್ ಮಾಡ್ತೀನಿ” ಎಂದಳು.

ಕಾಲಿಂಗ್ ಕಾರ್ಡ್ ಕೆರೆದು ನಂಬರು ಒತ್ತಿದೆವು. ಇಲ್ಲಿ ಬೆಳಗು, ಅಲ್ಲಿ ಸಂಜೆ. ಅಣ್ಣನ ಜೊತೆ ಮಾತಾಡುವಾಗ ಇವಳು ಗೋಡೆಗೆ ತಲೆ ಬಾಗಿಸುತ್ತಾಳೆ. ಮೆಲ್ಲಗೆ ಹೇಳಿದಳು, “ಅಣ್ಣಾ, ಕಾಗದ ಓದಿದೆ.” ಅಷ್ಟೇ. ಬೈದಿದ್ದರೂ ಅವನಿಗೆ ಅಷ್ಟು ನಾಟುತ್ತಿರಲಿಲ್ಲ.

ನಾನು ಪಕ್ಕದಿಂದ ತಿವಿದೆ. “ಒಂದ ಬುಟ್ಟಿ ಸಾಕು ಅನ್ನು. ಮೂರು ಪಾಲು ಅವನ ಹಚ್ಚಲಿ. ಆದ್ರ ಹಚ್ಚಿದಾಂವ ಕಡೀಕ ಆರಿಸ್ಬೇಕು, ಮೊದಲ ನೀ ಆರಸ್ತೀ ಅನ್ನು.” ಇದು ನಮ್ಮೂರ ಹಿರಿಯರ ಕಾನೂನು. ಪಾಲು ಹಚ್ಚುವವನು ತಾನಾಗಿಯೇ ನ್ಯಾಯವಂತನಾಗುತ್ತಾನೆ. (ಗಂಡುಮಕ್ಕಳ ನಡುವೆ ಮಾತ್ರ ನಡೆಯುತ್ತಿತ್ತು, ಅದು ಬೇರೆ ಮಾತು.)

ಸುಮಿ ಅಂದಳು. ಅಣ್ಣ, “ಇದನ್ನ ಯಾರು ಹೇಳಿಕೊಟ್ಟರು?” ಎಂದನಂತೆ. “ಇಲ್ಲೊಬ್ಬ ಇಬು ಅದಾರ” ಎಂದಳು. ತಾಯಿಯ ವಯಸ್ಸಿನವಳ ಮಾತು; ತೆಗೆದುಹಾಕಲು ಅವನಿಗೂ ಆಗಲಿಲ್ಲ. ಫೋನಿನಲ್ಲೇ ಮೂರು ಪಾಲು ಹಚ್ಚಿದ.

ಸುಮಿ ಹೇಳಿದಂತೆ ಮಣೆಯ ಮೇಲಿನ ಚಪಾತಿ ಹಿಟ್ಟಿನಲ್ಲಿ ನಾನು ಮೂರು ಪಟ್ಟಿ ಎಳೆದೆ. ಮೂರೂ ರಸ್ತೆಯಿಂದ ಹಿತ್ತಲ ಕೊನೆಯವರೆಗೆ. ಎಡಕ್ಕೆ ಅಣ್ಣನ ಮನೆ. ನಡುವೆ ಬಾವಿ, ಹಿಂದಿನ ಓಣಿಯವರ ಕಾಲುದಾರಿ. ಬಲಕ್ಕೆ ಖಾಲಿ ಜಾಗ, ಎರಡು ರಸ್ತೆ ಕೂಡುವ ಮೂಲೆ. ಕಾರ್ನರ್ ಸೈಟು! ನಾನು ಅದರ ಮೇಲೆ ಬೆರಳಿಟ್ಟು ಒತ್ತಿದೆ.

ಸುಮಿ ನನ್ನ ಬೆರಳು ಸರಿಸಿದಳು. ನಡುವಿನದರ ಮೇಲೆ ತನ್ನದಿಟ್ಟಳು.

“ಹುಚ್ಚಿ ಏನ ನೀನು? ಕಾರ್ನರ್ ಬಿಟ್ಟು ಹಳೇ ಬಾವಿ ತಗೊಂತೀ?”

ಫೋನಿಗೆ ಅಂಗೈ ಮುಚ್ಚಿ ಹೇಳಿದಳು, “ಕಾರ್ನರ್ ತಗೊಂಡ್ರ ನಾನೂ ಗ್ವಾಡಿ ಕಟ್ಟಬೇಕಾಗತೈತಿ, ಇಬು. ನಡುವಿಂದು ನನ್ನ ಕಡೆ ಇದ್ರ ದಾರಿ ಮುಚ್ಚಾವ್ರು ಯಾರು? ಹಿಂದಿನ ಓಣ್ಯಾವ್ರು ಬರ್ತಾರ, ಹೋಗ್ತಾರ. ಮತ್ತ ಅಣ್ಣ ಕೋಣಿ ಕಟ್ಟಿದ್ರ ಆ ಹುಡಿಗ್ಯಾರು ನೀರಿಗೆ ಎಲ್ಲಿಗೆ ಬರಬೇಕು?”

ಬಾಯಿ ಮುಚ್ಚಿಕೊಂಡೆ. (ಆ ದಿನವನ್ನು ವಿಜಯಾ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದಾಳೆ.)

ನಡುವಿನದು ಬೇಕು ಎಂದು ಅಣ್ಣನಿಗೆ ಹೇಳಿದಳು. ಅವನು ಉತ್ತರ ಕೊಡುವ ಮೊದಲೇ ಕಾರ್ಡು ಮುಗಿಯಿತು. ಬುಧವಾರ ಅವನೇ ಫೋನ್ ಮಾಡಿದ. “ನನ್ನ ಬಾಡಿಗೆಯವರಿಗೆ ದಾರಿ ಬಿಡ್ತೀಯೇನು?” ಎಂದು ಕೇಳಿದನಂತೆ. “ಎಲ್ಲಾರಿಗೂ ಬಿಡ್ತೀನಿ” ಎಂದಳಂತೆ. ಹೊಸ ಕಾಗದ ಕಳಿಸುತ್ತಾನೆ. ಕಳಿಸಲಿ. ಅವಳು ಓದಬೇಕು, ನಾನು ಕೂತು ಕೇಳಬೇಕು, ಆಮೇಲೆ ಸಾಕ್ಷಿ. ಹಳೆಯ ಕಾಗದವನ್ನು ಸುಮಿ ಎರಡು ಸೀಳು ಮಾಡಿ ತಾನೇ ನಮ್ಮ ಕಸದ ಡಬ್ಬಕ್ಕೆ ಹಾಕಿ ಹೋದಳು.

ಈ ರೋಗ ನಮ್ಮಂಥ ಹಳ್ಳಿಯವರದು ಮಾತ್ರ ಅಂದುಕೊಂಡಿರಾ? ವಿಜಯಾ ಕಂಪ್ಯೂಟರಿಗೆ ಏನೋ ಹಾಕುವಾಗ ಪರದೆಯ ಮೇಲೆ ಉದ್ದ ಬರಹ ಬರುತ್ತದೆ. ರಾಮಾಯಣಕ್ಕಿಂತ ಉದ್ದ. “ಏನದು?” ಎಂದೆ. “ಯಾರೂ ಓದಂಗಿಲ್ಲ ಅವ್ವಾ. ಕೆಳಗ ‘ಐ ಅಗ್ರೀ’ ಅಂತ ಇರತೈತಿ, ಒತ್ತೂದು.” ಈ ಮನೆ ಕೊಂಡ ದಿನವೂ ಹಾಗೆಯೇ. ವಕೀಲ ಹಾಳೆ ತಿರುವಿದ, ಮಗಳು, ಅಳಿಯ ಸಹಿ ಹಾಕಿದರು. ನಡುವೆ ಒಮ್ಮೆ ಡೋನಟ್ ತಿಂದರು. ಇಬ್ಬರೂ ಇಂಜಿನಿಯರುಗಳು! ನನಗಾದರೂ ಒಂದು ಸೀರೆ ಸಿಕ್ಕಿತ್ತು.

ನನ್ನ ತಮ್ಮ ಈ ಅಂಕಣವನ್ನು ವಾರ ತಪ್ಪದೆ ಓದುತ್ತಾನೆ. ಅಪ್ಪನ ಎರೆಹೊಲ ಅರ್ಧ ಎನ್‌ಎ (ಬೇಸಾಯ ಬಿಟ್ಟ ಜಮೀನು) ಆಗಿ ಪ್ಲಾಟು ಬಿದ್ದಿದೆ. ಇನ್ನರ್ಧದಲ್ಲಿ ಅವನು ಈಗಲೂ ಜೋಳ ಬಿತ್ತುತ್ತಾನೆ. ಅವನು ಉಡಿಸಿದ ಇಳಕಲ್ ಸೀರೆ ಹರಿದು ಕೌದಿಯಾಯಿತು, ಕೌದಿಯೂ ಹರಿಯಿತು. ಹಾಗಾಗಿ ಒಂದೇ ಮಾತು.

ತಮ್ಮಾ, ಉಳಿದ ಹೊಲಕ್ಕ ಪಾಲು ನೀನ ಹಚ್ಚು. ಮೊದಲ ಯಾರ ಆರಿಸ್ಬೇಕು, ಗೊತ್ತಾತಲ್ಲಾ?