ಕೇಳಿದ ನಂಬರು ಮಾತ್ರ

“ನಲವತ್ತೆರಡು ಕೊಡಮ್ಮ, ಜಲ್ದಿ,” ಎಂದು ನಾನು ಫೋನಿನಲ್ಲಿ ಕೂಗಿದೆ. ಪಕ್ಕದ ಮಂಚದ ಮೇಲೆ ನಮ್ಮವ್ವ ಉಸಿರಿಗಾಗಿ ಒದ್ದಾಡುತ್ತಿದ್ದಳು. ನಲವತ್ತೆರಡು ನಮ್ಮ ಡಾಕ್ಟರ ದವಾಖಾನೆಯ ನಂಬರು. ಆಗ ಆದೋನಿಯಲ್ಲಿ ಯಾವ ನಂಬರು ಬೇಕಾದರೂ ಎಕ್ಸ್‌ಚೇಂಜಿನ ಆಪರೇಟರೇ ಕೈಯಾರೆ ಜೋಡಿಸಿ ಕೊಡಬೇಕಿತ್ತು.

ಅಂದು ಡ್ಯೂಟಿಯಲ್ಲಿದ್ದವರು ಸರೋಜಮ್ಮ. ಹಿಂದಿನ ವಾರವಷ್ಟೇ ನಾನು ಅವರ ಮೇಲೆ ಅರ್ಜಿ ಬರೆದಿದ್ದೆ. ಈಕೆ ನಮ್ಮ ಹತ್ತಿ ವ್ಯಾಪಾರದ ಮಾತನ್ನೆಲ್ಲ ಕದ್ದು ಕೇಳುತ್ತಾರೆ, ಕೇಳಿದ ನಂಬರು ಕೊಟ್ಟು ಸುಮ್ಮನಿರಲು ತಾಕೀತು ಮಾಡಬೇಕು ಎಂದು.

“ದವಾಖಾನಿಗೆ ಬೀಗ ಹಾಕೈತ್ರಿ,” ಎಂದರು ಸರೋಜಮ್ಮ, ಏನೂ ಅವಸರವಿಲ್ಲದವರಂತೆ. “ಡಾಕ್ಟ್ರು ಜಿನ್ನಿಂಗ್ ಮಿಲ್ ಸಾವ್ಕಾರ್ರ ಮನ್ಯಾಗ ಅದಾರ. ಇಂಜೆಕ್ಷನ್ ಕಳಸ್ರಿ ಅಂತ ಅಲ್ಲಿಂದ ಔಷಧದ ಅಂಗಡಿಗೆ ಈಗ ಫೋನ್ ಮಾಡಿದ್ರು, ನಾ ಕೇಳಿಸ್ಕೊಂಡೆ. ನಿಮ್ಮ ಅರ್ಜಿ ಪ್ರಕಾರ ನಂಬರ್ ಕೊಡ್ಲೋ, ಡಾಕ್ಟ್ರನ್ನ ಕೊಡ್ಲೋ?”

“ಡಾಕ್ಟ್ರನ್ನ ಕೊಡ್ರಿ,” ಎಂದೆ. ನನ್ನ ಬಾಯಲ್ಲಿ ಅವರಿಗೆ ‘ರೀ’ ಬಂದದ್ದು ಅಂದೇ ಮೊದಲು.

ಡಾಕ್ಟರು ಸಾವ್ಕಾರರ ಜೀಪಿನಲ್ಲೇ ಬಂದರು. ಅವ್ವ ಉಳಿದಳು.

ಮುಂದೆ ಊರಿಗೆ ಆಟೋಮ್ಯಾಟಿಕ್ ಎಕ್ಸ್‌ಚೇಂಜ್ ಬಂತು. ಈಗ ನಮ್ಮ ಮಾತನ್ನು ಯಾರೂ ಕದ್ದು ಕೇಳುವುದಿಲ್ಲ. ಡಾಕ್ಟರು ಊರಲ್ಲಿ ಎಲ್ಲೇ ಇರಲಿ, ಅವರ ನಂಬರು ತಿರುಗಿಸಿದರೆ ಬೀಗ ಹಾಕಿದ ದವಾಖಾನೆಯಲ್ಲಿ ಒಂದು ಚೂರೂ ತಪ್ಪಿಲ್ಲದೆ ಗಂಟೆ ಬಾರಿಸುತ್ತದೆ. ನನ್ನ ಅರ್ಜಿ ಪೂರ್ತಿ ಮಂಜೂರಾಗಿದೆ.