ಕಾಶ್ಮೀರಕ್ಕೆ ಹೋಗಿ ಬಂದ ಮಲ್ಲಾರಿ

ಗಡಹಿಂಗ್ಲಜದ ಸುತ್ತಿನ ಕುರಿಹಟ್ಟಿಗಳಲ್ಲಿ ಕಾಶ್ಮೀರದ ಮಲ್ಲಾರಿ ಎಲ್ಲಿ ಎಂದು ಕೇಳಿದರೆ ನಾಯಿಗಳೂ ಬೊಗಳದೆ ದಾರಿ ಬಿಡುತ್ತಿದ್ದವು. ಮಲ್ಲಾರಿ ಕಾಶ್ಮೀರ ಕಂಡವನಲ್ಲ. ಕುರಿ ಹೊಡೆದುಕೊಂಡು ಅವನು ಅತಿ ದೂರ ಹೋದದ್ದೆಂದರೆ ಪನ್ಹಾಳದ ಗುಡ್ಡ. ಕಾಶ್ಮೀರವೇ ಅಲ್ಲಿಗೆ ಬಂದಿತ್ತು.

ಎಪ್ಪತ್ತನಾಲ್ಕರ ಸುಗ್ಗಿ ಮುಗಿದಿತ್ತು. ಗುಡ್ಡದ ಕೆಳಗಿನ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಅವನು ಮಂದೆ ತರುಬಿದ್ದ. ಕೊಲ್ಹಾಪುರದ ಸಿನಿಮಾದವರು ಇಚಲಕರಂಜಿಯ ಮಗ್ಗಗಳಿಂದ ಹತ್ತಿಯ ಕಸವನ್ನು ಲಾರಿಗಟ್ಟಲೆ ತಂದು ಗುಡ್ಡದ ಮೇಲೆ ಕಾಶ್ಮೀರದ ಹಿಮ ಸುರಿಸಿದ್ದರು. ಹಿಮವಿತ್ತು, ನಾಯಕಿ ಇದ್ದಳು, ಕುರಿ ಇರಲಿಲ್ಲ. ಸಿನಿಮಾದ ಸಾಮಾನು ಹೊಂದಿಸುವ ಧೋಂಡಿಬಾ ಕೆಳಗಿಳಿದು ಬಂದು, ಒಂದು ದಿನ ಕುರಿ ಕೊಡು, ನಮ್ಮ ನಾಯಕಿ ಹಾಡು ಹೇಳುತ್ತ ಮರಿ ಎತ್ತಿಕೊಳ್ಳುತ್ತಾಳೆ ಅಂದ. ಮರಿ ಎತ್ತಿಕೊಳ್ಳುವವರಿಗೆ ಬೇಡ ಅನ್ನುವುದು ಕುರುಬನಿಗೆ ಬಾರದು. ಮಲ್ಲಾರಿ ಒಪ್ಪಿದ.

ಮೇಲೆ ಸಿನಿಮಾ ತೆಗೆಯುವ ದೊಡ್ಡ ಸಾಹೇಬರು ನೋಡಿ, ಇವು ಕರಿ ಇವೆಯಲ್ಲ ಅಂದರು. ಈ ಕಡೆ ಕುರಿ ಎಂದರೆ ಕರಿಯದೇ. ಧೋಂಡಿಬಾ ಅದಕ್ಕೂ ತಯಾರಿದ್ದ. ದೊಡ್ಡ ಕುರಿಗಳು ದೂರ ನಿಲ್ಲುವವು, ಅವುಗಳ ಬೆನ್ನಿಗೆ ಹತ್ತಿ ಅಂಟಿಸಿದರೆ ಸಾಕಾಯಿತು. ಮರಿಗಳು ನಾಯಕಿಯ ತೋಳಲ್ಲಿರುವವು. ಅವುಗಳಿಗೆ ನೂಲಿಗೆ ಹಾಕುವ ಗಂಜಿ ಬಳಿದು, ಮಲ್ಲಿಗೆ ವಾಸನೆಯ ಪೌಡರನ್ನು ಕಿವಿ, ಬಾಲ ಬಿಡದೆ ಉದುರಿಸಿದರು.

ಸಂಜೆ ಮರಿ ಬಿಟ್ಟರೆ ತಾಯಿಕುರಿಗಳು ಮೂಸಿ ನೋಡಿ ಒದ್ದವು. ಕುರಿಗೆ ತನ್ನ ಮರಿಯ ಗುರುತು ಸಿಗುವುದು ವಾಸನೆಯಿಂದ. ಮಲ್ಲಾರಿ ಹಳ್ಳದಲ್ಲಿ ತೊಳೆದ, ಬೂದಿ ತಿಕ್ಕಿದ. ಗಂಜಿ ಹೋಯಿತು, ಮಲ್ಲಿಗೆ ಹೋಗಲಿಲ್ಲ. ಹಾಲು ಕರೆದು ಒಂದೊಂದರ ಬಾಯಿಗೆ ಹಿಂಡುತ್ತ ಬಂದ. ಅಷ್ಟರಲ್ಲಿ ಉಳಿದವು ಒದರಿ ಒದರಿ ದನಿ ಕಳೆದುಕೊಂಡವು. ಬೆಳಗಾದಾಗ ಎರಡು ಮರಿಗೆ ಎದ್ದು ನಿಲ್ಲಲಾಗಲಿಲ್ಲ.

ಅದೇ ಹೊತ್ತಿಗೆ ಧೋಂಡಿಬಾ ಪೌಡರ್ ಡಬ್ಬಿ ಹಿಡಿದು ಬಂದು, ಇನ್ನೊಂದು ಹಾಡಿದೆ ಅಂದ.

“ನಿಮ್ಮ ಹಾಡ ತಡೀತೈತ್ರಿ,” ಎಂದ ಮಲ್ಲಾರಿ. “ಇವು ತಡ್ಯಾಂಗಿಲ್ಲ.”

ಬುತ್ತಿ ತಂದ ಹೆಂಡತಿ ನಾಗೂಬಾಯಿ ಮರಿಯ ನೆತ್ತಿ ಮೂಸಿ ನೋಡಿದಳು.

“ಸತ್ತ ಮರಿ ತೊಗಲ ತಬ್ಬಲಿ ಮರಿಗೆ ಹೊಚ್ಚಿ, ಸತ್ತದ್ದರ ತಾಯಿ ಹಾಲ ಕುಡಸ್ತೀರಿ. ಆವಾಗ ತಾಯಿಗೆ ಸುಳ್ಳ ಹೇಳಾಕ ಬರ್ತೈತಿ, ಈಗ ಬರೂದಿಲ್ಲೇನ?”

“ಈಗ ಏನಂತ ಹೇಳ್ಲಿ?”

“ಏನೂ ಹೇಳಬ್ಯಾಡ್ರಿ. ತಾಯಿ ಮೂಗಿಗೂ ಅದನ್ನ ಹಚ್ರಿ.”

ಧೋಂಡಿಬಾನ ಕೈಯ ಡಬ್ಬಿಯನ್ನು ಅವಳೇ ಇಸಿದುಕೊಂಡಳು. ತಾಯಂದಿರ ಮೂಗಿಗೆ ಹಚ್ಚಿ, ಕೆಚ್ಚಲಿಗೂ ಸವರಿದರು. ಕುರಿಗಳು ಮರಿಯನ್ನು ಮೂಸಿದವು, ನೆಲ ಮೂಸಿದವು, ಮಲ್ಲಾರಿಯನ್ನು ಮೂಸಿದವು. ಎಲ್ಲವೂ ಮಲ್ಲಿಗೆ. ಒದೆಯಲು ಪರಕೀಯರು ಯಾರೂ ಸಿಗದೆ ಸುಮ್ಮನೆ ನಿಂತವು. ಯಾರ ಮರಿ ಯಾರ ಕೆಚ್ಚಲಿಗೆ ಬಿತ್ತೋ, ಮಲ್ಲಾರಿ ಅಂದು ನೋಡಲಿಲ್ಲ. ಏಳಲಾರದ ಎರಡನ್ನೂ ಎತ್ತಿ ಹಿಡಿದು ಕುಡಿಸಿದ. ಸಂಜೆಗೆ ಅವೂ ಕಾಲೂರಿದವು. ಎರಡನೆಯ ಹಾಡು ಕುರಿಯಿಲ್ಲದೆ ಮುಗಿಯಿತು.

ಸಿನಿಮಾ ಮುಂದಿನ ವರ್ಷ ಗಡಹಿಂಗ್ಲಜದ ಡೇರೆಗೆ ಬಂತು. ಮಲ್ಲಾರಿಯ ಜೊತೆ ಕೂತು ಪಕ್ಕದ ಹಟ್ಟಿಯ ಸತ್ಯಪ್ಪ ಬಾಯಿ ತೆರೆದು ನೋಡುತ್ತಿದ್ದ. ಕಾಶ್ಮೀರದ ನೀರು ಕುಡಿದ ಕುರಿ ಹೇಗಿವೆ ನೋಡು, ನಮ್ಮವೂ ಇವೆ ಎಂದು ಹಳಹಳಿಸಿದ. ಪರದೆಯ ಮೇಲೆ ನಾಯಕಿಯ ತೋಳಿನ ಬಿಳಿ ಮರಿ ಬಾಯಿ ತೆರೆಯಿತು. ಕೊಳಲಿನ ದನಿ ಬಂತು.

“ಅದು ಹಸದೈತಿ,” ಎಂದ ಮಲ್ಲಾರಿ.

“ನಿನಗೇನ ಗೊತ್ತ? ಕಾಶ್ಮೀರಕ್ಕ ಹೋಗಿ ಬಂದೀಯೇನ?”

ಎಲ್ಲ ಬಿಡಿಸಿ ಹೇಳುವಷ್ಟರಲ್ಲಿ ಹಾಡು ಮುಗಿದುಹೋಗುತ್ತಿತ್ತು. “ಹೋಗಿ ಬಂದೇನಿ,” ಎಂದುಬಿಟ್ಟ.

ಅಂದಿನಿಂದ ಆ ಸೀಮೆಯಲ್ಲಿ ತಾಯಿ ಮರಿಯನ್ನು ಒದ್ದರೆ ಯಾರೂ ತೊಗಲು ಹುಡುಕುವುದಿಲ್ಲ. ಮಲ್ಲಾರಿಯ ಮನೆಗೆ ಕಾಶ್ಮೀರದ ಔಷಧಕ್ಕೆ ಬರುತ್ತಾರೆ. ಧೋಂಡಿಬಾನಿಂದ ಇಸಿದುಕೊಂಡ ಡಬ್ಬಿ ಎಂದೋ ಬರಿದಾಗಿದೆ. ನಾಗೂಬಾಯಿ ಪೇಟೆಯ ಪೌಡರ್ ತಂದು ಅದರಲ್ಲೇ ಸುರಿಯುತ್ತಾಳೆ, ಬೇರೆ ಡಬ್ಬಿಯದನ್ನು ಯಾರೂ ಒಯ್ಯುವುದಿಲ್ಲವಲ್ಲ. ಕೊಡುವಾಗ ಮಾತ್ರ ಒಂದು ಮಾತು ತಪ್ಪದೆ ಹೇಳುತ್ತಾಳೆ:

“ತಾಯಿ ಮೂಗಿಗೆ ಮೊದಲ ಹಚ್ರಿ. ಮರಿಗೆ ಆಮ್ಯಾಲ.”